ಬೆಂಗಳೂರಿನ ಒಂದು ವರ್ಷ ಸ್ಕಾಟ್ಲೆಂಡಿನ ಮೂರು ವರ್ಷವಲ್ಲ

ನಮ್ಮ ನಾಡಿನ ಸಿಂಗಲ್ ಮಾಲ್ಟ್ ವಿಸ್ಕಿಯ, ಎಂದರೆ ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬರಿಸಿದ ಬಾರ್ಲಿಯಿಂದಲೇ ಮಾಡಿದ ವಿಸ್ಕಿಯ, ಮಾತು ಬಂದಾಗಲೆಲ್ಲ ಒಂದು ಲೆಕ್ಕ ಕಿವಿಗೆ ಬೀಳುತ್ತದೆ: ಬೆಂಗಳೂರಿನ ಪೀಪಾಯಿಯಲ್ಲಿ ಕಳೆದ ಒಂದು ವರ್ಷ ಸ್ಕಾಟ್ಲೆಂಡಿನ ಮೂರು ವರ್ಷಕ್ಕೆ ಸಮ, ಆದ್ದರಿಂದ ಇಲ್ಲಿನ ಐದು ವರ್ಷದ ಮಾಲು ಅಲ್ಲಿನ ಹದಿನೈದರದ್ದು. ಈ ಲೆಕ್ಕ ತಪ್ಪು. ಎಲ್ಲಿ ತಪ್ಪು ಎಂಬುದು ಮೈಸೂರು ರಸ್ತೆಯ ಕಂಬೀಪುರದಲ್ಲಿರುವ ಅಮೃತ್ ಡಿಸ್ಟಿಲರಿಯ ಕೆಲಸ ನೋಡಿದರೆ ಚೆನ್ನಾಗಿ ತಿಳಿಯುತ್ತದೆ.

ರಾಧಾಕೃಷ್ಣ ಜಗದಾಳೆ 1948ರಲ್ಲಿ ಕಟ್ಟಿದ ಕಂಪನಿ ಇದು. ಅವರ ಮಗ ನೀಲಕಂಠ ಜಗದಾಳೆಯವರ ಕಾಲದಲ್ಲಿ ಬಾರ್ಲಿಯಿಂದ ಮಾಲ್ಟ್ ಮದ್ಯ ಬಟ್ಟಿ ಇಳಿಸತೊಡಗಿದರು; ಮೊದಮೊದಲು ಅದು ಬೇರೆ ಮದ್ಯಗಳೊಂದಿಗೆ ಬೆರೆಯುತ್ತಿತ್ತು. ಭಾರತದಲ್ಲಿ ವಿಸ್ಕಿ ಎಂಬ ಹೆಸರಲ್ಲಿ ಮಾರಾಟವಾಗುವ ಎಷ್ಟೋ ಮದ್ಯಕ್ಕೆ ಕಾಕಂಬಿಯ ಸ್ಪಿರಿಟ್ಟೇ ಆಧಾರ. ಯುರೋಪಿನ ಕಾನೂನು ಅದನ್ನು ವಿಸ್ಕಿ ಎಂದು ಒಪ್ಪುವುದಿಲ್ಲ: ಧಾನ್ಯದಿಂದಲೇ ಆಗಬೇಕು, ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇರಬೇಕು. ಈ ಎರಡನ್ನೂ ಪಾಲಿಸಿದ ಅಮೃತ್ ಸಿಂಗಲ್ ಮಾಲ್ಟ್ 2004ರ ಆಗಸ್ಟ್‌ನಲ್ಲಿ ಬಿಡುಗಡೆಯಾದದ್ದು ಬೆಂಗಳೂರಿನಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಅದು ಎದೆಗಾರಿಕೆಯ ಕೆಲಸ.

ಬಳಸುವುದು ಉತ್ತರ ಭಾರತದ, ತೆನೆಯಲ್ಲಿ ಆರು ಸಾಲು ಕಾಳು ಕಟ್ಟುವ ಬಾರ್ಲಿ. ಸ್ಕಾಟ್ಲೆಂಡಿನ ಎರಡು ಸಾಲಿನದಕ್ಕಿಂತ ಇದರ ಕಾಳು ಸಣ್ಣದು, ಪಿಷ್ಟ ಕಡಿಮೆ, ಹೊಟ್ಟು ಮತ್ತು ಪ್ರೋಟೀನು ಹೆಚ್ಚು. ಟನ್ನಿಗೆ ಸಿಗುವ ಮದ್ಯ ಕಡಿಮೆಯಾದರೂ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳು ಯಥೇಚ್ಛ. ಮೊಳಕೆ ಬರಿಸಿ ಒಣಗಿಸಿದ ಈ ಕಾಳನ್ನು ಒಡೆಯುವಾಗ ಸುಮಾರು ಶೇ 20 ಹೊಟ್ಟು, ಶೇ 70 ನುಚ್ಚು, ಶೇ 10 ಹಿಟ್ಟು ಬರಬೇಕೆಂಬುದು ಈ ಕಸುಬಿನ ರೂಢಿ. ಇದಕ್ಕೆ ಬಿಸಿನೀರು ಸುರಿದು ಸಕ್ಕರೆ ಕರಗಿದ ಸಿಹಿನೀರನ್ನು ಸೋಸಿ ತೆಗೆಯುತ್ತಾರೆ; ಹೊಟ್ಟೇ ಇಲ್ಲಿ ಸೋಸುವ ಜರಡಿ. ಹಿಟ್ಟು ಜಾಸ್ತಿಯಾದರೆ ತಳ ಕಟ್ಟಿಕೊಂಡು ಸಿಹಿನೀರು ಇಳಿಯುವುದೇ ಇಲ್ಲ. ಮೊದಲ ನೀರು 63–65 ಡಿಗ್ರಿಯಲ್ಲಿರಬೇಕು. 75ರ ನೀರನ್ನು ಮೊದಲೇ ಸುರಿದರೆ ಕಿಣ್ವ ಸತ್ತು, ಯೀಸ್ಟ್ ತಿನ್ನಲಾಗದ ಸಕ್ಕರೆ ಉಳಿದುಬಿಡುತ್ತದೆ. ಹುದುಗುವ ತೊಟ್ಟಿಗೆ ಇಲ್ಲಿನ ಹವೆಯಲ್ಲಿ ತಂಪು ಮಾಡುವ ಏರ್ಪಾಡು ಬೇಕೇ ಬೇಕು. ಶಾಖ 35 ಡಿಗ್ರಿ ದಾಟಿದರೆ ಯೀಸ್ಟ್ ಸೊರಗುತ್ತದೆ.

ಹುದುಗಿದ ರಸದಲ್ಲಿ ಸುಮಾರು ಶೇ 8 ಆಲ್ಕೋಹಾಲು. ತಾಮ್ರದ ಭಟ್ಟಿಯಲ್ಲಿ ಎರಡು ಸಲ ಇಳಿಸುತ್ತಾರೆ. ಬೇಯಿಸಿದ ಎಲೆಕೋಸಿನ ವಾಸನೆ ಕೊಡುವ ಗಂಧಕದ ಸಂಯುಕ್ತಗಳನ್ನು ತಾಮ್ರ ಹಿಡಿದಿಟ್ಟುಕೊಳ್ಳುತ್ತದೆ. ಬರಿಯ ಸ್ಟೀಲಿನ ಭಟ್ಟಿಯಲ್ಲಿ ಅದು ಉಳಿದುಹೋಗುತ್ತದೆ. ಎರಡನೆಯ ಸಲ ಮೊದಲು ಬರುವುದನ್ನೂ ಕೊನೆಗೆ ಬರುವುದನ್ನೂ ಬೇರೆಯಿಟ್ಟು ನಡುವಿನ ಭಾಗ ಮಾತ್ರ ತೆಗೆದುಕೊಳ್ಳಬೇಕು. ಮೊದಲ ಭಾಗ ಮುಗಿಯಿತೇ ಎಂದು ತಿಳಿಯಲು ಹಳೆಯ ಪರೀಕ್ಷೆಯೊಂದಿದೆ: ಸ್ವಲ್ಪ ಹಿಡಿದು, ಶೇ 46ರ ಹತ್ತಿರಕ್ಕೆ ಬರುವಷ್ಟು ನೀರು ಬೆರೆಸುವುದು. ಹಿಂದಿನ ಸರದಿಯ ಎಣ್ಣೆಯಂಶ ಕೊಳವೆಯಲ್ಲಿ ಇನ್ನೂ ತೊಳೆದುಹೋಗಿಲ್ಲದಿದ್ದರೆ ಬೆಳ್ಳಗೆ ಮಸುಕಾಗುತ್ತದೆ.

ಇನ್ನು ಪೀಪಾಯಿ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು ಶೇ 2 ಆವಿಯಾಗುತ್ತದೆ. ಅದನ್ನು ದೇವತೆಗಳ ಪಾಲು ಎನ್ನುತ್ತಾರೆ. ಬೆಂಗಳೂರಿನಲ್ಲಿ ಅದು ಶೇ 10ರಿಂದ 12. ಕಾರಣ ಸೆಕೆಯೊಂದೇ ಎಂದುಕೊಳ್ಳಬಾರದು. ಶ್ರಾವಣದಲ್ಲಿ ಒಗೆದ ಬಟ್ಟೆ ಯಾಕೆ ಒಣಗುವುದಿಲ್ಲ? ಗಾಳಿಯಲ್ಲಿ ಆಗಲೇ ನೀರು ತುಂಬಿರುತ್ತದೆ. ಪೀಪಾಯಿಯ ನೀರಿಗೂ ಇದೇ ನಿಯಮ. ಆಲ್ಕೋಹಾಲಿಗೆ ಈ ತಡೆಯಿಲ್ಲ, ಏಕೆಂದರೆ ಹೊರಗಿನ ಗಾಳಿಯಲ್ಲಿ ಆಲ್ಕೋಹಾಲು ಹೆಚ್ಚುಕಡಿಮೆ ಸೊನ್ನೆ. ಮಳೆಗಾಲದಲ್ಲಿ ನೀರು ಒಳಗೇ ನಿಂತು ಆಲ್ಕೋಹಾಲು ಹೊರಡುತ್ತದೆ, ಮಾಲಿನ ಕಡಕು, ಎಂದರೆ ಅದರ ಆಲ್ಕೋಹಾಲಿನ ಶೇಕಡಾ ಪ್ರಮಾಣ, ಇಳಿಯುತ್ತದೆ. ಮಾರ್ಚಿನ ಒಣ ಮಧ್ಯಾಹ್ನಗಳಲ್ಲಿ ಎರಡೂ ಹೊರಡುತ್ತವೆ. ನೀರಿನ ಅಣು ಚಿಕ್ಕದು, ಮರದ ಮೂಲಕ ಸಲೀಸಾಗಿ ನುಸುಳುತ್ತದೆ. ನೀರೇ ಹೆಚ್ಚು ಹೋದರೆ ಕಡಕು ಏರುತ್ತದೆ. ಬಾಷ್ಪೀಕರಣ ಎಂದರೆ ಬರಿಯ ಬತ್ತುವಿಕೆಯಲ್ಲ, ಒಳಗಿನ ದ್ರವದ ಗುಣವೇ ಬದಲಾಗುವುದು.

ಶಾಖ ಏರಿದರೆ ಪೀಪಾಯಿಯ ಓಕ್ ಮರದಿಂದ ವೆನಿಲ್ಲಾ ಪರಿಮಳದ ವೆನಿಲಿನ್, ಒಗರಿನ ಟ್ಯಾನಿನ್, ಬಣ್ಣ ಬಲುಬೇಗ ಇಳಿಯುತ್ತವೆ. ಆದರೆ ಮರದ ಮೂಲಕ ಒಸರಿ ಬರುವ ಆಮ್ಲಜನಕ ಮತ್ತು ಅದರಿಂದಾಗುವ ನಿಧಾನದ ಬದಲಾವಣೆಗಳು ಅದೇ ಪ್ರಮಾಣದಲ್ಲಿ ಚುರುಕಾಗುವುದಿಲ್ಲ. ಮೂರು ಪಟ್ಟಿನ ಲೆಕ್ಕ ಮುರಿಯುವುದು ಇಲ್ಲಿಯೇ. ಮರದ ರುಚಿ ಮುಂದೆ ಓಡುತ್ತದೆ, ಉಳಿದದ್ದು ಹಿಂದೆ ಬೀಳುತ್ತದೆ. ಹೆಚ್ಚು ಕಾಲ ಬಿಟ್ಟರೆ ಒಗರು ಬಂದು ಬಾರ್ಲಿಯ ಸುಳಿವೇ ಇರುವುದಿಲ್ಲ. ಆದ್ದರಿಂದ ಸರಿಯಾದ ಹೊತ್ತಿಗೆ ಪೀಪಾಯಿ ಖಾಲಿ ಮಾಡುವುದೇ ಇಲ್ಲಿನ ಜಾಣತನ. ಅಮೃತ್‌ನ ಪ್ರಸಿದ್ಧ ಬಾಟಲಿಗಳಲ್ಲಿ ಬಹುಪಾಲಿನ ಮೇಲೆ ವಯಸ್ಸು ನಮೂದಾಗಿರುವುದಿಲ್ಲ. 2009ರಲ್ಲಿ ಹೊರಬಂದು ಜಗತ್ತಿನ ಗಮನ ಸೆಳೆದ ಫ್ಯೂಷನ್ ಕೂಡ ಹಾಗೆಯೇ. ಭಾರತದ ಬಾರ್ಲಿಯ ಜೊತೆ ಸ್ಕಾಟ್ಲೆಂಡಿನಿಂದ ತಂದ, ಪೀಟ್ ಎಂಬ ಜೌಗುಮಣ್ಣು ಸುಟ್ಟ ಹೊಗೆ ಹಿಡಿಸಿದ ಬಾರ್ಲಿ ಅದರಲ್ಲಿದೆ.

ವರ್ಷಕ್ಕೆ ಶೇ 11 ಹೋಗುತ್ತದೆಂದು ಹಿಡಿಯಿರಿ. 200 ಲೀಟರಿನ ಪೀಪಾಯಿಯಲ್ಲಿ 5 ವರ್ಷಕ್ಕೆ ಉಳಿಯುವುದು ಸುಮಾರು 112 ಲೀಟರು, 8 ವರ್ಷಕ್ಕೆ 79, 12 ವರ್ಷಕ್ಕೆ 50ಕ್ಕಿಂತ ಕಡಿಮೆ. ಶೇ 2ರ ಲೆಕ್ಕದಲ್ಲಿ ಸ್ಕಾಟ್ಲೆಂಡಿನಲ್ಲಿ 12 ವರ್ಷದ ನಂತರವೂ 157 ಲೀಟರು ಇರುತ್ತದೆ. ಎಂಟು ವರ್ಷ ಕಾದು 2013ರಲ್ಲಿ ಬಾಟಲಿಗಿಳಿಸಿದ ವಿಸ್ಕಿಗೆ ಅಮೃತ್ ಇಟ್ಟ ಹೆಸರು ಗ್ರೀಡಿ ಏಂಜೆಲ್ಸ್, ಎಂದರೆ ದುರಾಸೆಯ ದೇವತೆಗಳು.