ತೊಗರಿ ದುಡ್ಡಿನ ಡಿಗ್ರಿ: ಕಲಬುರಗಿ ಸೀಮೆಯ ಹಳೇ ಲೆಕ್ಕ, ಹೊಸ ಸಾಲ

ಕಲಬುರಗಿ ಜಿಲ್ಲೆಯಲ್ಲಿ ತೊಗರಿ ರಾಶಿ ಆಗುವುದು ಡಿಸೆಂಬರ್-ಜನವರಿಯಲ್ಲಿ. ಕಾಲೇಜಿನ ಫೀ ತುಂಬಬೇಕಾದದ್ದು ಜುಲೈ-ಆಗಸ್ಟ್‌ನಲ್ಲಿ. ಆ ಹೊತ್ತಿಗೆ ಮನೆಯಲ್ಲಿದ್ದ ದುಡ್ಡು ಬೀಜ, ಗೊಬ್ಬರಕ್ಕೆ ಹೋಗಿರುತ್ತದೆ. ಹಾಗಾಗಿ ಗಂಜಿನ (ಧಾನ್ಯದ ಮಾರುಕಟ್ಟೆಯ) ಅಡತಿ ಅಂಗಡಿಯಲ್ಲಿ ಮುಂದಿನ ರಾಶಿಯ ಮೇಲೆ ಸಾಲ ತಂದು ಮಗನ ಸೀಟು ಉಳಿಸಿಕೊಳ್ಳುವುದು ಇಲ್ಲಿ ಹೊಸದೇನಲ್ಲ. ಅಷ್ಟು ಕಷ್ಟಪಟ್ಟು ಓದಿಸಿದ ಡಿಗ್ರಿ ಹಾಕಿದ ದುಡ್ಡನ್ನಾದರೂ ತಿರುಗಿ ಕೊಡುತ್ತದಾ?

ಲೆಕ್ಕ ಹಾಕಿ ನೋಡೋಣ. 2024-25ರಲ್ಲಿ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ. ಮಳೆ ನಂಬಿದ ಹೊಲದಲ್ಲಿ ಎಕರೆಗೆ 4 ಕ್ವಿಂಟಲ್ ಬಂದರೆ ಒಳ್ಳೆ ಬೆಳೆ ಅಂತಲೇ ಅರ್ಥ. ಐದು ಎಕರೆಗೆ 20 ಕ್ವಿಂಟಲ್, ಅಂದರೆ 1.51 ಲಕ್ಷ. ಕೂಲಿ, ಔಷಧಿ, ರಾಶಿ ಮಷಿನ್ ಬಾಡಿಗೆ ಇನ್ನೂ ಕಳೆದಿಲ್ಲ. ಅದೇ ವರ್ಷ ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿಇಟಿಯಿಂದ ಸಿಗುವ ಸರ್ಕಾರಿ ಸೀಟಿನ ಫೀ 10% ಏರಿ 75 ಸಾವಿರ ದಾಟಿತು. ಹಾಸ್ಟೆಲ್, ಊಟ, ಪುಸ್ತಕ ಎಲ್ಲ ಅದರ ಮೇಲೆ. ಮ್ಯಾನೇಜ್‌ಮೆಂಟ್ ಸೀಟಿನ ಮಾತು ಇಲ್ಲಿ ಬೇಡವೇ ಬೇಡ.

ಆದರೆ ಫೀ ಒಂದನ್ನೇ ಬೈದರೆ ಅರ್ಧ ಕಥೆ ಮಾತ್ರ ಹೇಳಿದಂತೆ. ಈ ಭಾಗದಲ್ಲಿ ಡಿಗ್ರಿ ಓದುವುದು ನೌಕರಿಗಾಗಿ, ಅದರಲ್ಲೂ ಸರ್ಕಾರಿ ನೌಕರಿಗಾಗಿ. ಆ ನಂಟು ಹೇಗೆ ಬೆಳೆಯಿತು ಅನ್ನುವುದನ್ನು ನೋಡದೆ ಇವತ್ತಿನ ಲೆಕ್ಕ ಅರ್ಥವಾಗುವುದಿಲ್ಲ.

1948ರವರೆಗೆ ಕಲಬುರಗಿ, ಬೀದರ್ ಎರಡೂ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಇಂದಿನ ಯಾದಗಿರಿ ಆಗ ಕಲಬುರಗಿಯದೇ ಭಾಗ. ಆಡಳಿತ ಉರ್ದುವಿನಲ್ಲಿ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ. ಮನೆಯಲ್ಲಿ ಕನ್ನಡ ಮಾತಾಡುವ ಹುಡುಗ ಮೊದಲು ಉರ್ದು ಕಲಿತು, ಆಮೇಲೆ ಹೈದರಾಬಾದಿಗೆ ಹೋಗಿ ಅಲ್ಲಿ ಇರುವ ಖರ್ಚು ಹೊರಬೇಕಿತ್ತು. ಹೊರಗಿನವರೇ ಹುದ್ದೆ ಹಿಡಿಯುತ್ತಾರೆ ಎಂಬ ದೂರು ಆಗಲೂ ಇತ್ತು. ಸ್ಥಳೀಯರಿಗೇ ನೌಕರಿ ಎನ್ನುವ ಮುಲ್ಕಿ ನಿಯಮವನ್ನು ನಿಜಾಮ 1919ರಲ್ಲೇ ತಂದಿದ್ದ. ಆದರೆ ಓದಿದವರೇ ಬೆರಳೆಣಿಕೆಯಷ್ಟಿದ್ದ ಹಳ್ಳಿಗಳಿಗೆ ಅದರಿಂದ ಎಷ್ಟು ಲಾಭ ಆದೀತು ಹೇಳಿ. ಇಂಥ ಕಾಲದಲ್ಲಿ, 1934ರಲ್ಲಿ, ದೊಡ್ಡಪ್ಪ ಅಪ್ಪ ಕಲಬುರಗಿಯ ಶರಣಬಸವೇಶ್ವರ ಮಠದ ಸಂಸ್ಥಾನದಿಂದ ಹೆಣ್ಣುಮಕ್ಕಳಿಗೆ ಕನ್ನಡ ಶಾಲೆ ತೆರೆದರು. ಇವತ್ತು ನೆನೆದರೂ ಅದು ದೊಡ್ಡ ಧೈರ್ಯವೇ.

1956ರಲ್ಲಿ ಏಕೀಕರಣವಾಗಿ ಈ ಜಿಲ್ಲೆಗಳು ಮೈಸೂರು ರಾಜ್ಯ ಸೇರಿದವು. ಉರ್ದು ಬಲ್ಲವರಿಗೆ ಕಚೇರಿಯಲ್ಲಿ ಮೊದಲಿನ ಬೆಲೆ ಉಳಿಯಲಿಲ್ಲ. ಕನ್ನಡ, ಇಂಗ್ಲಿಷ್ ಕಲಿತ ಪದವೀಧರರು ಇಲ್ಲಿ ಸಾಕಷ್ಟು ಇರಲಿಲ್ಲ. ಆಗ ಇಲ್ಲಿನ ಹುಡುಗ ಒಬ್ಬ ಬಿ.ಎ. ಮುಗಿಸಿದರೆ ಅವನಿಗೆ ನೌಕರಿ ಹತ್ತಲು ಬಹಳ ದಿನ ಬೇಕಿರಲಿಲ್ಲ. ‘ಡಿಗ್ರಿ ಮಾಡು, ನೌಕರಿ ತಾನೇ ಹತ್ತುತ್ತದೆ’ ಅನ್ನುವ ಅಜ್ಜಂದಿರ ಮಾತು ಆ ಕಾಲದ್ದು. ಆಗ ಅದು ಸುಳ್ಳಾಗಿರಲಿಲ್ಲ.

ಕಾಲೇಜುಗಳು ಬಂದದ್ದೂ ಆಗಲೇ. ಮಹಾದೇವಪ್ಪ ರಾಂಪುರೆ ಅವರ ಮುಂದಾಳತ್ವದಲ್ಲಿ 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿತು. ಅದೇ ವರ್ಷ ಎಂಜಿನಿಯರಿಂಗ್ ಕಾಲೇಜು, 1963ರಲ್ಲಿ ಮೆಡಿಕಲ್ ಕಾಲೇಜು. ಗುಲಬರ್ಗಾ ವಿಶ್ವವಿದ್ಯಾಲಯ ಆದದ್ದು 1980ರಲ್ಲಿ. ಅಲ್ಲಿಯವರೆಗೆ ಎಲ್ಲದಕ್ಕೂ ಧಾರವಾಡದ ಕಡೆ ನೋಡಬೇಕಿತ್ತು. 1980ರ ಆಸುಪಾಸಿನಲ್ಲೇ ಬೀದರ್, ಭಾಲ್ಕಿಯಲ್ಲೂ ಎಂಜಿನಿಯರಿಂಗ್ ಕಾಲೇಜು ಶುರುವಾದವು.

ಡಿಗ್ರಿ ಇಲ್ಲದೆಯೂ ಬದುಕು ನಡೆಯುತ್ತಿದ್ದ ಕಾಲ ಅದು. ಕಲಬುರಗಿಯ ಎಂ.ಎಸ್.ಕೆ. ಬಟ್ಟೆ ಮಿಲ್, ವಾಡಿ ಮತ್ತು ಶಹಾಬಾದಿನ ಕಾರ್ಖಾನೆಗಳಲ್ಲಿ ಕೈಕೆಲಸ ಬಲ್ಲವನಿಗೆ ತಿಂಗಳ ಪಗಾರವಿತ್ತು. ಮಿಲ್ ಮುಚ್ಚಿತು. ಈಗ ಅದು ಒಂದು ಬಡಾವಣೆಯ ಹೆಸರು, ಅಷ್ಟೆ. ಅಂಥ ಕೆಲಸದ ದಾರಿ ಕಿರಿದಾದಷ್ಟೂ ಡಿಗ್ರಿಯ ಬಾಗಿಲಲ್ಲಿ ನೂಕುನುಗ್ಗಲು ಜಾಸ್ತಿ ಆಯಿತು.

ನೂಕುನುಗ್ಗಲಿದ್ದಲ್ಲಿ ದುಡ್ಡು ಕೇಳುವವರೂ ಇರುತ್ತಾರೆ ಅಲ್ವಾ? ಎಂಬತ್ತರ ದಶಕದ ಹೊತ್ತಿಗೆ ಕರ್ನಾಟಕದ ಖಾಸಗಿ ಕಾಲೇಜುಗಳ ಡೊನೇಷನ್ ದೇಶಕ್ಕೆಲ್ಲ ಗೊತ್ತಿತ್ತು. ಅದನ್ನು ತಡೆಯಲು ಸರ್ಕಾರ 1984ರಲ್ಲಿ ಕಾನೂನು ಮಾಡಿತು. ಡೊನೇಷನ್ ಬೇಡ ಎಂದ ಅದೇ ಸರ್ಕಾರ 1989ರಲ್ಲಿ ಖಾಸಗಿ ಮೆಡಿಕಲ್ ಕಾಲೇಜಿನ ದರ ಗೊತ್ತುಮಾಡಿತು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ರಾಜ್ಯದ ಉಳಿದ ವಿದ್ಯಾರ್ಥಿಗಳಿಗೆ 25,000ದವರೆಗೆ, ಹೊರ ರಾಜ್ಯದವರಿಗೆ 60,000ದವರೆಗೆ. ಇದೇ ಮೋಹಿನಿ ಜೈನ್ ಪ್ರಕರಣವಾಗಿ ಸುಪ್ರೀಂ ಕೋರ್ಟ್‌ಗೆ ಹೋಯಿತು. ಇದು ಬೇರೆ ಹೆಸರಿನ ಡೊನೇಷನ್ನೇ ಎಂದು ಕೋರ್ಟ್ 1992ರಲ್ಲಿ ಹೇಳಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಬಂದು ಅರ್ಧ ಸೀಟು ಕಡಿಮೆ ಫೀಗೆ, ಅರ್ಧ ಸೀಟು ಹೆಚ್ಚು ಫೀಗೆ ಎಂದಾಯಿತು. ಅದರ ಬೆನ್ನಿಗೇ ಸಿಇಟಿ.

ಆ ಹತ್ತು ವರ್ಷ ನಮ್ಮ ಹಳ್ಳಿಗಳ ಮಟ್ಟಿಗೆ ಒಳ್ಳೆಯ ಕಾಲ ಅಂತ ನನಗನ್ನಿಸುತ್ತದೆ. ರ‍್ಯಾಂಕ್ ಬಂದರೆ ಆಳಂದದ ಹುಡುಗಿಯೂ ಕಡಿಮೆ ಫೀಗೆ ಬೆಂಗಳೂರಿನಲ್ಲಿ ಓದಬಹುದಿತ್ತು. 2002ರಲ್ಲಿ ಟಿ.ಎಂ.ಎ. ಪೈ ಪ್ರಕರಣದ ತೀರ್ಪು ಆ ಪದ್ಧತಿಯನ್ನು ತೆಗೆದುಹಾಕಿತು. ಲಾಭಕೋರತನ ಸಲ್ಲದು, ಆದರೆ ಫೀ ಗೊತ್ತುಮಾಡುವ ಹಕ್ಕು ಖಾಸಗಿ ಕಾಲೇಜಿಗೆ ಇದೆ ಎಂದಿತು. ಅಲ್ಲಿಂದ ಮುಂದೆ ಪ್ರತಿ ವರ್ಷ ಸರ್ಕಾರ ಮತ್ತು ಕಾಲೇಜು ಮಂಡಳಿಗಳ ನಡುವೆ ಚೌಕಾಶಿ. ಅದು ಮುಗಿದಾಗ ಫೀ ಸ್ವಲ್ಪ ಮೇಲೇರಿರುತ್ತದೆ.

ಇನ್ನೊಂದು ಕಡೆ 371(ಜೆ), ಅಂದರೆ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ ಕಲಂ, ಬಂತು. ಪ್ರಾದೇಶಿಕ ಅಸಮತೋಲನ ನೋಡಲು ಸರ್ಕಾರ ನೇಮಿಸಿದ ನಂಜುಂಡಪ್ಪ ಸಮಿತಿ 2002ರಲ್ಲಿ ಅತಿ ಹಿಂದುಳಿದವು ಎಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಈ ವಿಭಾಗದವೇ. ಹತ್ತು ವರ್ಷದ ಬಳಿಕ ಸಂವಿಧಾನಕ್ಕೆ 98ನೇ ತಿದ್ದುಪಡಿ ಆಯಿತು. ಇಲ್ಲಿನ ಕಾಲೇಜು ಸೀಟುಗಳಲ್ಲಿ 70%, ರಾಜ್ಯದ ಉಳಿದೆಡೆ 8% ಇಲ್ಲಿನವರಿಗೆ. ಸ್ಥಳೀಯ ಹುದ್ದೆಗಳಲ್ಲಿ ದರ್ಜೆಗೆ ತಕ್ಕಂತೆ 75ರಿಂದ 85%. ಇದರಿಂದ ಎಷ್ಟೋ ಮನೆಗಳಲ್ಲಿ ಮೊದಲ ಡಾಕ್ಟರ್, ಮೊದಲ ಎಂಜಿನಿಯರ್ ಆದರು. ಅದರ ಜೊತೆಗೆ ಹಳೇ ನಂಬಿಕೆಯೂ ಚಿಗುರಿತು. ಡಿಗ್ರಿ ಇದೆ, 371(ಜೆ) ಸರ್ಟಿಫಿಕೇಟ್ ಇದೆ, ಇನ್ನು ನೇಮಕಾತಿಯ ಕಾಲ್‌ಫಾರ್ಮ್ ಬರುವುದಷ್ಟೇ ಬಾಕಿ!

ಡಿಗ್ರಿಯ ನಿಜವಾದ ಖರ್ಚು ಶುರುವಾಗುವುದು ಇಲ್ಲಿಂದ. ಸರ್ಕಾರಿ ಕಾಲೇಜಿನಲ್ಲಿ ಬಿ.ಎ., ಬಿ.ಎಸ್ಸಿ. ಓದುವುದು ಇವತ್ತಿಗೂ ಅಂಥ ದುಬಾರಿಯಲ್ಲ. ಓದು ಮುಗಿದ ಮೇಲೆ ಧಾರವಾಡದಲ್ಲೋ ಕಲಬುರಗಿಯಲ್ಲೋ ರೂಮ್ ಮಾಡಬೇಕು. ಕೋಚಿಂಗ್ ಫೀ, ಮೆಸ್ ಬಿಲ್, ಓದಲು ಕೂರುವ ಖಾಸಗಿ ಲೈಬ್ರರಿಯ ತಿಂಗಳ ದುಡ್ಡು, ಅರ್ಜಿ ಶುಲ್ಕ. ಹೀಗೇ ಎರಡು ವರ್ಷ, ಮೂರು ವರ್ಷ, ಕೆಲವರದು ಐದು. ಆ ವರ್ಷಗಳಲ್ಲಿ ದುಡಿದಿದ್ದರೆ ಬರುತ್ತಿದ್ದ ಪಗಾರವನ್ನೂ ಸೇರಿಸಿದರೆ, ನನ್ನ ಲೆಕ್ಕದಲ್ಲಿ ಕಾಲೇಜಿನ ಫೀ ಚಿಕ್ಕ ಮೊತ್ತ.

ಬ್ಯಾಂಕಿನ ಸಾಲ ಈ ಕಾಯುವಿಕೆಗೆ ಹೊಂದುವುದೇ ಇಲ್ಲ. ವರ್ಷಕ್ಕೆ 4.5 ಲಕ್ಷದೊಳಗೆ ಆದಾಯವಿರುವ ಮನೆಯವರಿಗೆ ಓದಿನ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆ 2009ರಲ್ಲೇ ಬಂದಿದೆ. ಅದು ಒಳ್ಳೆಯದೇ. ಆದರೆ ಕೋರ್ಸ್ ಮುಗಿದು ಒಂದು ವರ್ಷವಾದರೆ ಕಂತು ಶುರು. ನೌಕರಿ ಅಷ್ಟರೊಳಗೆ ಬರಬೇಕಲ್ಲ.

ಬರದಿದ್ದಾಗ ಅಡ್ಡದಾರಿ ಹುಡುಕುವವರು ಹುಟ್ಟುತ್ತಾರೆ. 545 ಪಿಎಸ್ಐ ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆಯ ಅಕ್ರಮ ಮೊದಲು ಬಯಲಾದದ್ದು ಕಲಬುರಗಿಯ ಒಂದು ಕೇಂದ್ರದಿಂದ. ಪರೀಕ್ಷೆ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನಿಯತ್ತಾಗಿ ಬರೆದವರೂ ಎರಡು ವರ್ಷಕ್ಕೂ ಜಾಸ್ತಿ ಮತ್ತೆ ಅದೇ ಪುಸ್ತಕ ತಿರುವಿದರು. ಆ ಖರ್ಚನ್ನು ಯಾವ ಸಮಿತಿಯೂ ಲೆಕ್ಕ ಹಾಕಿಲ್ಲ.

ಇದು ಬರೀ ನಮ್ಮ ಕಡೆಯ ಕಥೆಯಲ್ಲ. 2022-23ರ ಕೇಂದ್ರದ ಕಾರ್ಮಿಕ ಸಮೀಕ್ಷೆಯಲ್ಲಿ ದೇಶದ ಒಟ್ಟು ನಿರುದ್ಯೋಗ 3.2% ಇದ್ದರೆ ಪದವೀಧರರಲ್ಲಿ ಅದು ಸುಮಾರು 13%. ಓದದವನಿಗೆ ಸುಮ್ನೆ ಕೂರಲು ಆಗುವುದಿಲ್ಲ, ಸಿಕ್ಕ ಕೆಲಸ ಮಾಡುತ್ತಾನೆ. ಡಿಗ್ರಿಯವನನ್ನು ಮನೆಯವರೇ ‘ಇನ್ನೊಂದು ವರ್ಷ ನೋಡು’ ಅನ್ನುತ್ತಾರೆ. 2023ರ ಕೊನೆಗೆ ಶುರುವಾದ, ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆಯಾದ ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3,000, ಅದೂ ಹೆಚ್ಚೆಂದರೆ ಎರಡು ವರ್ಷ. ರೂಮ್ ಬಾಡಿಗೆಗೆ ಆಯಿತು ಅನ್ನೋಣ.

ಹಾಗಾದರೆ ಡಿಗ್ರಿ ದಂಡವಾ? ಗಂಡುಮಕ್ಕಳ ಮಟ್ಟಿಗೆ ನನ್ನ ಉತ್ತರ ಕೋರ್ಸ್ ನೋಡಿ ಬದಲಾಗುತ್ತದೆ. ಕಡಿಮೆ ಫೀಯ ನರ್ಸಿಂಗ್, ಡಿಪ್ಲೊಮಾ, ಐಟಿಐ ಮಾಡಿದವನು ದುಡಿಮೆಗೆ ಬೇಗ ಹತ್ತುತ್ತಾನೆ. ಹೊಲ ಮಾರಿ ಮ್ಯಾನೇಜ್‌ಮೆಂಟ್ ಸೀಟು ತಗೊಳ್ಳುವುದನ್ನಂತೂ ನಾನು ಒಪ್ಪಲಾರೆ. ಹೆಣ್ಣುಮಕ್ಕಳ ವಿಷಯ ಬೇರೆ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಸುಮಾರು 52%, ರಾಜ್ಯದಲ್ಲೇ ಕೊನೆ. ಅಂಥ ಜಿಲ್ಲೆಯಲ್ಲಿ ಹುಡುಗಿಯೊಬ್ಬಳು ಡಿಗ್ರಿಗೆ ಹೋಗುತ್ತಿದ್ದಾಳೆ ಎಂದರೆ ಮದುವೆ ಮಾತು ಮೂರು ವರ್ಷ ಮುಂದೆ ಹೋಗುತ್ತದೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿಗೂ ದುಡ್ಡು ಕೊಡಬೇಕಿಲ್ಲ. ನೌಕರಿ ಸಿಗದಿದ್ದರೂ ಆ ಮೂರು ವರ್ಷ ಅವಳದು.

ಫೀ ಇಳಿಸಿ ಎಂಬ ಬೇಡಿಕೆ ಪ್ರತಿ ಜೂನ್‌ನಲ್ಲೂ ಕೇಳಿಸುತ್ತದೆ. ಪರೀಕ್ಷೆಯನ್ನು ವೇಳೆಗೆ ಸರಿಯಾಗಿ ನಡೆಸಿ ಎಂಬ ಬೇಡಿಕೆಯೂ ಅಷ್ಟೇ ಜೋರಾಗಿ ಬರಬೇಕಿತ್ತು. 2024ರ ಅಕ್ಟೋಬರ್‌ನಲ್ಲಿ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಇತ್ಯರ್ಥ ಆಗುವವರೆಗೆ ಹೊಸ ನೇಮಕಾತಿ ಬೇಡ ಎಂದು ರಾಜ್ಯ ಸಂಪುಟ ತೀರ್ಮಾನಿಸಿತು. ಒಳಮೀಸಲಾತಿ ನ್ಯಾಯದ ಬೇಡಿಕೆ, ಅದರಲ್ಲಿ ಎರಡು ಮಾತಿಲ್ಲ. ಅದು ಇತ್ಯರ್ಥವಾದದ್ದು 2025ರ ಆಗಸ್ಟ್‌ನಲ್ಲಿ. ಅಷ್ಟು ತಿಂಗಳ ಮೆಸ್ ಬಿಲ್ ಕಟ್ಟಿದವರು ತೊಗರಿ ಬೆಳೆದವರೇ.