ಮೊದಲ ನಾಲ್ಕು ತುತ್ತು ಮಗುವಿನ ಕೈಗೇ ಬಿಡಿ

ತಲೆಗೆ ಪೆಟ್ಟಾಗಿ ಬಲಗೈ ಸ್ವಾಧೀನ ಕಳೆದುಕೊಂಡ ಮಗುವನ್ನು ಕರೆತರುವ ತಾಯಂದಿರು, "ಕೈ ಮೊದಲಿನ ಹಾಗೆ ಆಗುತ್ತದೆಯೇ ಮೇಡಂ?" ಎಂದು ಕೇಳುತ್ತಾರೆ. ನಾನು ಮೊದಲು ವಿಚಾರಿಸುವುದು, ಮಗುವಿಗೆ ಊಟ ಮಾಡಿಸುತ್ತಿರುವವರು ಯಾರು ಎಂದು. ನಾವು ಮಾಡಿಸುವ ಆಕ್ಯುಪೇಷನಲ್ ಥೆರಪಿಯಲ್ಲಿ ಉಣ್ಣುವುದು, ಗುಂಡಿ ಹಾಕಿಕೊಳ್ಳುವುದು, ಬರೆಯುವುದು, ಆಡುವುದೇ ಚಿಕಿತ್ಸೆ. ಪೆಟ್ಟು ತಿಂದ ಮೆದುಳು ಮತ್ತೆ ಕಲಿಯುವುದು, ಮಗುವಿಗೆ ಬೇಕಾದ ಕೆಲಸವನ್ನು ಮಗುವೇ ಮತ್ತೆ ಮತ್ತೆ ಮಾಡಿದಾಗ.

ಅನ್ನ ಚೆಲ್ಲುವುದನ್ನು ನೋಡಲಾರದೆ ಅಮ್ಮ ತುತ್ತಿಡುತ್ತಾಳೆ. ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ, ನುಂಗಲು ತೊಂದರೆಯಿಲ್ಲವೆಂದು ವೈದ್ಯರು ಹೇಳಿದ ಮೇಲೆ, ಹಸಿವಿರುವಾಗಿನ ಮೊದಲ ನಾಲ್ಕು ತುತ್ತನ್ನು ಮಗುವಿಗೇ ಬಿಡಿ. ದಣಿದ ಮೇಲೆ ನೀವು ತಿನ್ನಿಸಿ. ಸಾರನ್ನಕ್ಕಿಂತ ಇಡ್ಲಿಯ ಚೂರು ಹಿಡಿಯಲು ಸುಲಭ. ಎತ್ತರದ ಅಂಚಿನ ತಟ್ಟೆಯಿರಲಿ, ಅದು ಜಾರದಂತೆ ಕೆಳಗೊಂದು ಒದ್ದೆ ಬಟ್ಟೆ ಹಾಸಿ.

ಎಡಗೈಯಲ್ಲಿ ಉಣ್ಣುವುದನ್ನು ಮನೆಯ ಹಿರಿಯರು ಒಪ್ಪದಿರಬಹುದು. ಈ ವಿಷಯದಲ್ಲಿ ನಾನು ಮಗುವಿನ ಪರ. ಎಡಗೈಯಲ್ಲಿ ಉಣ್ಣಲಿ, ಬಲಗೈ ತಟ್ಟೆ ಹಿಡಿದಿರಲಿ; ಸುಮ್ಮನೆ ತೊಡೆಯ ಮೇಲೆ ಬಿದ್ದಿರುವುದು ಬೇಡ. ಚೆನ್ನಾಗಿರುವ ಕೈಗೆ ಗವಸು ತೊಡಿಸಿ, ಸೋತ ಕೈಗೇ ಕೆಲಸ ಕೊಡುವ ಕ್ರಮವೂ ಇದೆ. ಅದನ್ನು ಥೆರಪಿಸ್ಟ್ ಹೇಳಿದ ಮಗುವಿಗೆ ಮಾತ್ರ, ಅವರು ಹೇಳಿದಷ್ಟು ಹೊತ್ತು ಮಾಡಿ.

ಬೆನ್ನುಹುರಿಯ ಪೆಟ್ಟಿನ ಲೆಕ್ಕವೇ ಬೇರೆ. ಕುತ್ತಿಗೆಯಲ್ಲಿ ಸಿ6, ಅಂದರೆ ಕುತ್ತಿಗೆಯ ಆರನೇ ನರದ ಮಟ್ಟದವರೆಗಿನ ನರಗಳು ಮಾತ್ರ ಉಳಿದ ಮಗು ಬೆರಳು ಆಡಿಸಲಾರದು, ಆದರೆ ಮಣಿಕಟ್ಟನ್ನು ಮೇಲೆತ್ತಬಲ್ಲದು. ಎತ್ತಿದಾಗ ಬೆರಳಿನ ಸ್ನಾಯುರಜ್ಜುಗಳು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು) ಬಿಗಿದು ಬೆರಳು ತಾನಾಗಿ ಮಡಚಿಕೊಳ್ಳುತ್ತದೆ, ಹೆಬ್ಬೆರಳು ತೋರುಬೆರಳಿಗೆ ತಾಗುತ್ತದೆ. ಪೆನ್ನು, ಬಿಸ್ಕತ್ತು ಹಿಡಿಯಲು ಅಷ್ಟು ಸಾಕು. ಮಣಿಕಟ್ಟು ಇಳಿಸಿದರೆ ಹಿಡಿತ ಬಿಡುತ್ತದೆ. ಇದಕ್ಕೆಲ್ಲ ಆ ರಜ್ಜುಗಳಲ್ಲಿ ತುಸು ಬಿಗಿ ಉಳಿದಿರಬೇಕು. ಮನೆಯಲ್ಲಿ ಅಕ್ಕರೆಯಿಂದ ಎಣ್ಣೆ ಹಚ್ಚಿ, ಮಣಿಕಟ್ಟನ್ನೂ ಬೆರಳುಗಳನ್ನೂ ಒಟ್ಟಿಗೆ ಹಿಂದಕ್ಕೆ ನೀವುತ್ತಾರೆ. ದಿನಗಳೆದಂತೆ ರಜ್ಜು ಸಡಿಲವಾಗಿ, ಇದ್ದೊಂದು ಹಿಡಿತವೂ ಹೋಗುತ್ತದೆ. ಆದ್ದರಿಂದ ಮಣಿಕಟ್ಟು ಹಿಂದಕ್ಕೆ ಬಾಗಿಸುವಾಗ ಬೆರಳು ಮಡಚಿರಲಿ, ಬೆರಳು ಬಿಡಿಸುವಾಗ ಮಣಿಕಟ್ಟು ಕೆಳಗೆ ಬಾಗಿರಲಿ. ನಮ್ಮಲ್ಲಿಗೆ ಬರುವ ಮೊದಲೇ, ಆಸ್ಪತ್ರೆಯ ಹಾಸಿಗೆಯಲ್ಲೇ ಇದನ್ನು ಶುರುಮಾಡಬೇಕು.

ಶಾಲೆಯ ಮಾತು. ಮೆದುಳಿಗೆ ಪೆಟ್ಟಾದ ಮಗು ಹೊರನೋಟಕ್ಕೆ ಚೆನ್ನಾಗಿರುತ್ತದೆ, ಆದರೆ ಎರಡನೇ ಪಿರಿಯಡ್ಡಿಗೇ ಬಳಲುತ್ತದೆ, ಹೇಳಿದ್ದು ಮರೆಯುತ್ತದೆ. ಅದನ್ನು ಸೋಮಾರಿತನ ಎನ್ನುವ ಶಿಕ್ಷಕರನ್ನು ಕಂಡಾಗ ನನಗೆ ನೋವಾಗುತ್ತದೆ. ಮೊದಲು ಅರ್ಧ ದಿನ ಕಳುಹಿಸಿ, ನಡುವೆ ವಿಶ್ರಾಂತಿ ಕೇಳಿ. ಗಾಲಿಕುರ್ಚಿಯ ಮಗುವಿಗೆ ಕೂತ ಜಾಗದ ನೋವು ತಿಳಿಯದಿರಬಹುದು, ಹಾಗಾಗಿ ಹುಣ್ಣಾಗದಂತೆ ಆಗಾಗ ಭಾರ ಬದಲಿಸುವುದನ್ನು ಶಿಕ್ಷಕರೂ ಕಲಿಯಬೇಕು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇವೆ. ಮುಖ್ಯೋಪಾಧ್ಯಾಯರಿಗೆ ಅರ್ಜಿಯನ್ನು ಲಿಖಿತವಾಗಿಯೇ ಕೊಡಿ, ವರ್ಷದ ಆರಂಭದಲ್ಲೇ ಕೊಡಿ.