ಪದ ಪರಿಚಯ: ಪುನಃಸ್ಥಾಪನಾ ನ್ಯಾಯ

ಮನೆಯಲ್ಲಿ ಕಳ್ಳತನವಾಯಿತು, ಸ್ಟೇಷನ್ನಿಗೆ ಹೋಗಿ ದೂರು ಬರೆದುಕೊಟ್ಟಿರಿ. ಅಲ್ಲಿಂದಾಚೆಗೆ ಕೇಸು ಸರ್ಕಾರದ್ದು. ಕಳಕೊಂಡ ನೀವು ಸಮನ್ಸ್ ಬಂದಾಗ ಹೋಗಿ ನಿಲ್ಲುವ ಒಬ್ಬ ಸಾಕ್ಷಿ, ಅಷ್ಟೇ. ಪುನಃಸ್ಥಾಪನಾ ನ್ಯಾಯದ ತಕರಾರು ಇದಕ್ಕೇ. ಯಾವ ಸೆಕ್ಷನ್, ಎಷ್ಟು ವರ್ಷ ಜೈಲು ಎನ್ನುವುದಕ್ಕಿಂತ ಮೊದಲು ಅದು ಕೇಳುವುದು: ನೋವಾದದ್ದು ಯಾರಿಗೆ, ಅವರಿಗೇನು ಬೇಕು, ಅದನ್ನು ಸರಿಮಾಡಬೇಕಾದವರು ಯಾರು?

ಪದವೇನೋ ಭಾರವಾಯಿತು. 'ಮೊದಲಿನಂತೆ ಮಾಡುವುದು' ಎಂಬ ಅರ್ಥ ಒಡೆದ ಕಿಟಕಿಗೆ ಒಪ್ಪೀತು, ಮನುಷ್ಯರಿಗೆ ಕಷ್ಟ.

ಕಿಟಕಿಯ ಮಾತು ಸುಮ್ಮನೆ ಬಂದದ್ದಲ್ಲ. 1974ರಲ್ಲಿ ಕೆನಡಾದ ಎಲ್ಮೈರಾ ಊರಿನಲ್ಲಿ ಇಬ್ಬರು ಹುಡುಗರು ಕುಡಿದು, ಒಂದೇ ರಾತ್ರಿಯಲ್ಲಿ 22 ಕಡೆ ಕಿಟಕಿ ಒಡೆದು, ಕಾರುಗಳ ಟೈರು ಸೀಳಿ ದಾಂದಲೆ ಮಾಡಿದರು. ತಪ್ಪಿತಸ್ಥರ ಮೇಲೆ ಕೋರ್ಟಿನ ಪರವಾಗಿ ನಿಗಾ ಇಡುವ ಪ್ರೊಬೇಷನ್ ಅಧಿಕಾರಿ ಮಾರ್ಕ್ ಯಾಂಟ್ಜಿ, ಹುಡುಗರೇ ಮನೆಮನೆಗೆ ಹೋಗಲಿ ಎಂದರು. ನ್ಯಾಯಾಧೀಶರು ಮೊದಲು ಹಿಂಜರಿದರೂ ಆಮೇಲೆ ಒಪ್ಪಿದರು. ಹುಡುಗರು ಬಾಗಿಲು ತಟ್ಟಿ, ಮಾಡಿದ್ದು ನಾವೇ ಎಂದು ಹೇಳಬೇಕು. ಯಾಂಟ್ಜಿ ಮತ್ತು ಜೊತೆಗಾರರೊಬ್ಬರು ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ನಿಲ್ಲುತ್ತಿದ್ದರು. ಕೆಲವೇ ತಿಂಗಳಲ್ಲಿ ಹುಡುಗರು ನಷ್ಟ ಕಟ್ಟಿಕೊಟ್ಟರು. ಜೈಲಿನಲ್ಲಿ ಕೂತಿದ್ದರೆ ಆ 22 ಬಾಗಿಲುಗಳನ್ನು ಎದುರಿಸುವ ಪ್ರಮೇಯವೇ ಇರುತ್ತಿರಲಿಲ್ಲ.

'ಓ, ರಾಜಿ ಪಂಚಾಯ್ತಿ ತಾನೇ?' ಅಂದೀರಿ. ಅಲ್ಲ. ಹಿರಿಯರು ಸೇರಿ 'ಆಗಿದ್ದು ಆಯ್ತು, ಬಿಟ್ಟುಬಿಡಮ್ಮ' ಎಂದು ನೊಂದವಳ ಬಾಯಿ ಮುಚ್ಚಿಸುವುದಕ್ಕೆ ಈ ಹೆಸರು ಸಲ್ಲದು. ಇಲ್ಲಿ ತಪ್ಪು ಮಾಡಿದವನು ಮೊದಲು ಒಪ್ಪಿಕೊಳ್ಳಬೇಕು. ಮುಖಾಮುಖಿ ಬೇಡ ಎನ್ನುವ ಹಕ್ಕು ನೊಂದವರದು.

ನಮ್ಮ ಕಾನೂನಿನಲ್ಲೂ ಇದರ ನೆರಳುಂಟು. ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ 5,000 ರೂಪಾಯಿಗಿಂತ ಕಡಿಮೆ ಮೌಲ್ಯದ ಕಳವು ಮಾಡಿ ಮೊದಲ ಬಾರಿ ತಪ್ಪಿತಸ್ಥನಾದವನು ಆ ಮಾಲನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ ಶಿಕ್ಷೆ ಸಮುದಾಯ ಸೇವೆ. ಆದರೆ ಕಳಕೊಂಡವರ ಮುಂದೆ ಕೂತು ಮಾತಾಡಬೇಕೆಂದು ಅದರಲ್ಲಿಲ್ಲ.

ಇನ್ನು ಶಿಕ್ಷೆ ಮುಗಿಸಿ ಬಂದವರ ಪಾಡು. ಅಲ್ಲಿಗೂ ಇದೇ ಆಲೋಚನೆ ಹಬ್ಬಿದೆ. 1994ರಲ್ಲಿ ಕೆನಡಾದ ಹ್ಯಾಮಿಲ್ಟನ್ನಿಗೆ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದ ಒಬ್ಬ ಪೂರ್ತಿ ಶಿಕ್ಷೆ ಮುಗಿಸಿ ಬಂದಾಗ ಊರಿಗೆ ಊರೇ ಹೆದರಿತು. ಚರ್ಚೊಂದರ ಪಾದ್ರಿ ಮತ್ತು ಕೆಲವರು ಅವನ ಸುತ್ತ ಒಂದು ಗುಂಪು ಕಟ್ಟಿಕೊಂಡರು. 'ಬೆಂಬಲ ಮತ್ತು ಹೊಣೆಗಾರಿಕೆಯ ವೃತ್ತ' ಎಂಬ ಪದ್ಧತಿ ಬೆಳೆದದ್ದು ಅಲ್ಲಿಂದ: ಒಬ್ಬನಿಗೆ ನಾಲ್ಕಾರು ಸ್ವಯಂಸೇವಕರು. ಬಾಡಿಗೆ ರೂಮು ಹುಡುಕಲು, ಕೆಲಸ ಕೇಳಲು ಜೊತೆಗೆ ಹೋಗುತ್ತಾರೆ, ಕಾಫಿಗೆ ಕೂರುತ್ತಾರೆ. ಹಳೇ ಚಾಳಿಯ ಸುಳಿವು ಕಂಡರೆ ಮುಖಕ್ಕೇ ಕೇಳುತ್ತಾರೆ. ಮಿತಿಮೀರಿದರೆ ಪೊಲೀಸರಿಗೆ ಹೇಳುವವರೂ ಅವರೇ.